ರೋಣದಲ್ಲಿ ಎಂಜಿನ್ ಉಸಿರೆಳೆದ ಮಧ್ಯಾಹ್ನ

“ಅಂಗೈ ಇಲ್ಲಿ ಹಿಡೀರಿ ಸರ,” ಎಂದರು ಮಿಸ್ತ್ರಿ. ಹಿಡಿದೆ. ಎಂಜಿನ್ ನನ್ನ ಅಂಗೈಯನ್ನೇ ಒಳಕ್ಕೆ ಎಳೆದುಕೊಂಡಿತು!

ರೋಣದ ರಸ್ತೆ ಬದಿಯ ಗ್ಯಾರೇಜು, ಏಪ್ರಿಲ್ ತಿಂಗಳ ಉರಿಬಿಸಿಲು. ಪಿಕಪ್ ಬಿದ್ದುಹೋಗಿದೆ ಎಂದು ನಮ್ಮ ಹಳೆಯ ಮಾರುತಿ 800 ತಂದು ನಿಲ್ಲಿಸಿದ್ದೆ. ಅವರು ಏರ್ ಫಿಲ್ಟರಿನ ಡಬ್ಬಿ ಕಳಚಿ ಪಕ್ಕಕ್ಕಿಟ್ಟು, ಕಾರ್ಬೊರೇಟರಿನ ಬಾಯಿ ಬಯಲು ಮಾಡಿ ರೇಸ್ ಕೊಟ್ಟರು. ಕಾರಿನ ಸದ್ದೆಂದರೆ ಹಿಂದಿನ ಸೈಲೆನ್ಸರಿನ ಸದ್ದು ಎಂದೇ ಇಷ್ಟು ವರ್ಷ ನಂಬಿದ್ದೆ. ಇದು ಮುಂದಿನಿಂದ ಬಂತು! ಮೊದಲು ಗಂಟಲಲ್ಲೇ ಸಿಕ್ಕಿಕೊಂಡಂಥ ಗೊಗ್ಗರು ದನಿ, ರೇಸ್ ಏರಿದಂತೆಲ್ಲ ತೆರೆದುಕೊಳ್ಳುವ ಕಂಠ. “ಇದು ಉಸರ ತಗೊಳ್ಳೂ ಸಪ್ಪಳ ರೀ. ಬೆಂಕಿ ಆಮ್ಯಾಲೆ, ಮದ್ಲ ಉಸರು,” ಎಂದರು.

ಎಂಥ ಊರಿನಲ್ಲಿ ನಿಂತು ಈ ಮಾತು ಕೇಳುತ್ತಿದ್ದೇನೆ! 1922ರ ಫೆಬ್ರುವರಿ 4ರಂದು ಭೀಮಸೇನ ಜೋಶಿ ಹುಟ್ಟಿದ ರೋಣ ಇದು. ಉದ್ದುದ್ದ ತಾನಗಳನ್ನು ಒಂದೇ ಉಸಿರಿನಲ್ಲಿ ದಾಟಿಸುತ್ತಿದ್ದ ಆ ಮಹಾಕಂಠದ ಒಡೆಯರಿಗೆ ಸಂಗೀತದಾಚೆ ಇದ್ದ ದೊಡ್ಡ ಪ್ರೀತಿ ಕಾರುಗಳದು; ಎಂಜಿನ್ನಿನ ಒಳಹೊರಗನ್ನೂ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಇವೆರಡೂ ಒಬ್ಬರಲ್ಲೇ ಸೇರಿದ್ದು ಕಾಕತಾಳೀಯ ಎಂದುಕೊಂಡಿದ್ದೆ. ಆ ಮಧ್ಯಾಹ್ನದ ನಂತರ ಹಾಗೆ ಅನ್ನಿಸುತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಮಾರುತಿ 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರು. ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರೂ ಸೆಕೆಂಡಿಗೆ 50 ಸಲ ಉಸಿರೆಳೆಯಬೇಕು. ತುಂಬು ಉಸಿರು ಸಿಕ್ಕರೆ ಸೆಕೆಂಡಿಗೆ ಹತ್ತಿರ ಹತ್ತಿರ 40 ಲೀಟರ್ ಗಾಳಿ! ಎರಡು ಕೊಡ ಮೀರಿದ ಗಾಳಿ, ಒಂದೇ ಸೆಕೆಂಡಿನೊಳಗೆ. ಇಷ್ಟನ್ನೂ ಸಿಲಿಂಡರುಗಳಿಗೆ ಹಂಚಿಕೊಡುವ ಕವಲುಗೊಳವೆಯೇ ಇಂಟೇಕ್ ಮ್ಯಾನಿಫೋಲ್ಡ್. ರೇಸ್ ಕಾರು ಕಟ್ಟುವವರು ಕಂಪನಿ ಕೊಟ್ಟ ಮ್ಯಾನಿಫೋಲ್ಡನ್ನು ಬಿಚ್ಚಿ ಬಿಸಾಕಿ, ಅಳತೆ ಹಿಡಿದು ತಮ್ಮದೇ ಕೊಳವೆ ಬೆಸೆದುಕೊಳ್ಳುತ್ತಾರೆ. ಆ ಕೊಳವೆಗಳ ಬಾಯಿ ನೋಡಿದ್ದೀರಾ? ಥೇಟ್ ಸನಾದಿಯ ಬಾಯಿ! ಅಂಚು ಹೊರಕ್ಕೆ ಅರಳಿರುತ್ತದೆ, ಗಾಳಿ ಎಲ್ಲೂ ಎಡವದೆ ಒಳಗೆ ಜಾರಲಿ ಎಂದು.

ಹೋಲಿಕೆ ಆಕಾರಕ್ಕೆ ಮುಗಿಯುವುದಿಲ್ಲ. ಪಿಸ್ಟನ್ ಕೆಳಗಿಳಿದಾಗ ಹುಟ್ಟುವ ಸೆಳೆತ ಒಂದು ಅಲೆಯಾಗಿ ಕೊಳವೆಯಲ್ಲಿ ಮೇಲಕ್ಕೆ ಓಡುತ್ತದೆ, ಶಬ್ದದ ವೇಗದಲ್ಲಿ. ತೆರೆದ ಬಾಯಿಗೆ ಮುಟ್ಟಿದ ಕೂಡಲೇ ಅದರ ಗುಣವೇ ತಿರುವುಮುರುವಾಗುತ್ತದೆ: ಸೆಳೆಯುವ ಅಲೆ ಒತ್ತುವ ಅಲೆಯಾಗಿ ಮರಳಿ ಬರುತ್ತದೆ! ವಾಲ್ವ್ ಮುಚ್ಚುವ ಮುಂಚಿನ ಆ ಗಳಿಗೆಗೆ ಸರಿಯಾಗಿ ಅದು ಬಾಗಿಲಿಗೆ ಬಂದರೆ, ಇನ್ನೊಂದು ಗುಟುಕು ಗಾಳಿಯನ್ನು ಸಿಲಿಂಡರಿನೊಳಗೆ ಗಿಡಿಯುತ್ತದೆ. ಟರ್ಬೊ ಇಲ್ಲ, ಯಾವ ಪಂಪೂ ಇಲ್ಲ, ಬರೀ ಕೊಳವೆಯ ಉದ್ದ. ಹೀಗೆ ಶ್ರುತಿಗೊಂಡ ಎಂಜಿನ್ ತನ್ನ ಅಳತೆಗಿಂತ ಹೆಚ್ಚು ಗಾಳಿಯನ್ನು ಹಿಡಿದಿಡಬಲ್ಲದು. ಇದನ್ನು ಮೊದಲ ಸಲ ತಿಳಿದಾಗ ರಾತ್ರಿ ನಿದ್ದೆ ಬರಲಿಲ್ಲ.

35 ಸೆಂಟಿಮೀಟರ್ ಕೊಳವೆ ಎನ್ನಿ. ಅಲೆ ಹೋಗಿ ಬರಲು ಸುಮಾರು 2 ಮಿಲಿಸೆಕೆಂಡು. ಎಂಜಿನ್ 6000ದಲ್ಲಿದ್ದರೆ ಅಷ್ಟರಲ್ಲಿ ಕ್ರ್ಯಾಂಕು ಸುಮಾರು 72 ಡಿಗ್ರಿ ತಿರುಗಿರುತ್ತದೆ. 3000ದಲ್ಲಿದ್ದರೆ ಬರೀ 36 ಡಿಗ್ರಿ, ಅಲೆ ಹೊತ್ತಿಗೆ ಮುಂಚೆಯೇ ಬಂದು ವ್ಯರ್ಥವಾಗುತ್ತದೆ. ಅಲ್ಲಿ ಅದೇ ಲಾಭ ಬೇಕೆಂದರೆ ಕೊಳವೆ ಇಮ್ಮಡಿ ಉದ್ದವಾಗಬೇಕು. ಗಿಡ್ಡ ಕೊಳವೆ ತಾರಕ್ಕೆ, ಉದ್ದ ಕೊಳವೆ ಮಂದ್ರಕ್ಕೆ, ಕೊಳಲು ಮಾಡುವವರ ಹಳೆಯ ನಿಯಮ! 1960ರಲ್ಲಿ ಅಮೆರಿಕದ ಕ್ರೈಸ್ಲರ್ 300ಎಫ್ ಕಾರಿನಲ್ಲಿ ಸುಮಾರು 30 ಇಂಚಿನ ಕೊಳವೆಗಳು ಎಂಜಿನ್ನಿನ ಮೇಲೆ ಅಡ್ಡಡ್ಡ ಹಾಯ್ದಿದ್ದವು. 1991ರಲ್ಲಿ ಲ ಮಾನ್ ಓಟ ಗೆದ್ದ ಮೊದಲ ಜಪಾನಿ ಕಾರು ಮಾಜ್ದಾ 787ಬಿ ಇನ್ನೂ ಒಂದು ಹೆಜ್ಜೆ ಮುಂದೆ: ಎಂಜಿನ್ನಿನ ವೇಗಕ್ಕೆ ತಕ್ಕಂತೆ ಅದರ ಕೊಳವೆಗಳು ಓಡುತ್ತಲೇ ಉದ್ದವಾಗುತ್ತಿದ್ದವು, ಗಿಡ್ಡವಾಗುತ್ತಿದ್ದವು. ಹಾಡುತ್ತಲೇ ಶ್ರುತಿ ಬದಲಿಸಿಕೊಳ್ಳುವ ವಾದ್ಯ!

ಬಿಸಿಲಿಗೂ ಇದರಲ್ಲಿ ಪಾಲಿದೆ. 20 ಡಿಗ್ರಿ ತಂಪಿನಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಓಡಿದರೆ, ನಮ್ಮ 40 ಡಿಗ್ರಿಯಲ್ಲಿ 355. ಸುಡು ಮಧ್ಯಾಹ್ನ ಕೊಳಲಿನ ಶ್ರುತಿ ಏರುವಂತೆ ಮ್ಯಾನಿಫೋಲ್ಡಿನದೂ ಏರುತ್ತದೆ. ಜೊತೆಗೆ ಗಾಳಿ ಶೇಕಡಾ 6ರಷ್ಟು ತೆಳುವಾಗಿರುತ್ತದೆ. ಬೇಸಿಗೆಯಲ್ಲಿ ಗಾಡಿ ಮಂಕಾಗಿದೆ ಎಂದು ನಮ್ಮವರು ಹೇಳುವುದು ಬರೀ ಅನಿಸಿಕೆಯಲ್ಲ.

ಇನ್ನು ಪಿಕಪ್. ಎಕ್ಸಿಲರೇಟರ್ ಒತ್ತಿದ್ದಕ್ಕೂ ಗಾಡಿ ಜಿಗಿಯುವುದಕ್ಕೂ ನಡುವಿನ ಆ ಚೂರು ತಡ ಯಾಕೆ? ಉತ್ತರ ಸಿಕ್ಕಿದ್ದು ಮರುದಿನ ನರಗುಂದದ ಕಡೆ, ಮಲಪ್ರಭಾ ಕಾಲುವೆಯ ದಂಡೆಯಲ್ಲಿ. ಇಲ್ಲಿ ಕಾಲುವೆಯ ಮಾತನ್ನು ಹಗುರವಾಗಿ ಆಡುವಂತಿಲ್ಲ. 1980ರ ಜುಲೈಯಲ್ಲಿ ನೀರಾವರಿ ಕರದ ವಿರುದ್ಧ ಎದ್ದು ನಿಂತ ರೈತರು ಜೀವ ತೆತ್ತ ನೆಲ. ಮೇಲೆ ಗೇಟು ಎತ್ತಿದ ಕ್ಷಣಕ್ಕೇ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುವುದಿಲ್ಲ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಮೊದಲು ಬತ್ತಿದ ಕಾಲುವೆ ತುಂಬಬೇಕು, ಆಮೇಲೆ ಹೊಲ.

ಪೆಟ್ರೋಲ್ ಎಂಜಿನ್ನಿನಲ್ಲೂ ಹಾಗೆಯೇ! ಥ್ರಾಟಲ್ ಎಂಬ ತಟ್ಟೆಬಾಗಿಲು ಮುಚ್ಚಿದ್ದಾಗ ಅದರ ಒಳಗಿನ ಹಗೇವು, ಅಂದರೆ ಪ್ಲೀನಮ್ ಎಂಬ ಗಾಳಿಪೆಟ್ಟಿಗೆ ಮತ್ತು ಕೊಳವೆಗಳು, ಅರ್ಧಕ್ಕಿಂತ ಹೆಚ್ಚು ಖಾಲಿ. ಬಾಗಿಲು ತೆರೆದರೆ ಮೊದಲು ಆ ಹಗೇವು ತುಂಬಬೇಕು. ಅದು ದೊಡ್ಡದಿದ್ದಷ್ಟೂ ಎಂಜಿನ್ ಇನ್ನಷ್ಟು ಸುತ್ತು ಕಾಯಬೇಕು. ನಿಮಿಷಕ್ಕೆ 1500 ಸುತ್ತಿನ ವೇಗದಲ್ಲಿ ಒಂದೊಂದು ಸುತ್ತಿಗೂ 40 ಮಿಲಿಸೆಕೆಂಡು. ಕಾಲಿಗೆ ಗೊತ್ತಾಗುವ ತಡ ಅದು. ಇದಕ್ಕೆ ರೇಸಿನವರ ಮದ್ದು ಎಷ್ಟು ಸರಳ ನೋಡಿ: ಹೊಲಹೊಲಕ್ಕೂ ಅದರದೇ ತೂಬು! ಬಿಎಂಡಬ್ಲ್ಯು ಎಂ3 ಕಾರಿನ ಹಳೆಯ 3.2 ಲೀಟರ್ ಎಂಜಿನ್ನಿನಲ್ಲಿ ಆರು ಸಿಲಿಂಡರಿಗೆ ಆರು ಥ್ರಾಟಲ್, ಒಂದೊಂದೂ ವಾಲ್ವಿನ ಪಕ್ಕದಲ್ಲೇ. ತುಂಬಬೇಕಾದ ಜಾಗ ಇಲ್ಲವೇ ಇಲ್ಲ ಎನ್ನುವಷ್ಟು ಕಿರಿದು. ಕಾಲು ಅಲುಗಿದರೆ ಎಂಜಿನ್ ಅಲುಗುತ್ತದೆ. (ಕಾಲುವೆಯ ಪಕ್ಕ ಹಾದುಹೋದ ಟ್ರ್ಯಾಕ್ಟರಿಗೆ ಈ ಬಾಗಿಲೇ ಇಲ್ಲ. ಸಾಮಾನ್ಯ ಡೀಸೆಲ್ ಎಂಜಿನ್ ಗಾಳಿಯನ್ನು ಸದಾ ಬಾಯಿ ತುಂಬ ಎಳೆಯುತ್ತದೆ, ನಾವು ಅಳೆದು ಕೊಡುವುದು ಡೀಸೆಲ್ ಮಾತ್ರ.)

ಈ ವಿದ್ಯೆಯನ್ನು ಕೈಯಾರೆ ಕಲಿಯುತ್ತ ಬಂದ ಹುಡುಗ ಹುಡುಗಿಯರು ನಮ್ಮ ರಾಜ್ಯದಲ್ಲೇ ಇದ್ದಾರೆ ಎಂಬುದು ನನಗೆ ಇನ್ನೊಂದು ಹಬ್ಬ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡಗಳು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ರೇಸ್ ಕಾರು ಕಟ್ಟಿವೆ. ಆ ಸ್ಪರ್ಧೆಯ ನಿಯಮ ನಿರ್ದಯ: ಪೆಟ್ರೋಲ್ ಎಂಜಿನ್ನಿನ ಅಷ್ಟೂ ಗಾಳಿ 20 ಮಿಲಿಮೀಟರ್ ಅಗಲದ ಒಂದೇ ತೂತಿನಲ್ಲಿ ಹಾಯಬೇಕು. ಎರಡು ರೂಪಾಯಿಯ ನಾಣ್ಯವೂ ತೂರದ ಕಿಂಡಿ! ಎಂಜಿನ್ ಗಟ್ಟಿಯಾಗಿ ಎಳೆದರೆ ಅಲ್ಲಿ ಗಾಳಿ ಶಬ್ದದ ವೇಗವನ್ನೇ ಮುಟ್ಟುತ್ತದೆ, ಆಮೇಲೆ ಎಷ್ಟು ಎಳೆದರೂ ಸೆಕೆಂಡಿಗೆ ಸುಮಾರು 75 ಗ್ರಾಮಿಗಿಂತ ಹೆಚ್ಚು ಬಾರದು. ಹಗೇವು ದೊಡ್ಡದು ಮಾಡಿದರೆ ಸಿಲಿಂಡರುಗಳಿಗೆ ಸಮಪಾಲು, ಆದರೆ ಪಿಕಪ್ ಸೋಮಾರಿ. ಚಿಕ್ಕದು ಮಾಡಿದರೆ ಪಿಕಪ್ ಚುರುಕು, ಸಿಲಿಂಡರುಗಳ ನಡುವೆ ಕಸಿದಾಟ. ಇಂಥ ಮ್ಯಾನಿಫೋಲ್ಡ್ ಅಂಗಡಿಯಲ್ಲಿ ಸಿಗುವುದಿಲ್ಲ; ತಾವೇ ಲೆಕ್ಕ ಹಾಕಿ ಅಚ್ಚು ತೆಗೆಯಬೇಕು.

ನಮ್ಮ ರಸ್ತೆಗಳಿಗೆ ಗಿಡ್ಡ ಕೊಳವೆಯ ಆಸೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೂರು ಹಂಪು, ಒಂದು ಚಕ್ಕಡಿ, ಹೊಟ್ಟು ತುಂಬಿದ ಒಂದು ಟ್ರೇಲರ್ ದಾಟಿ ಹೋಗುವ ಗಾಡಿಗೆ ಬೇಕಾದ್ದು ಕೆಳವೇಗದ ಎಳೆತ. ಅದಕ್ಕೆ ಮಂದ್ರದ ಕೊಳವೆಯೇ ಸರಿ.

ಮೂರನೆಯ ದಿನ ಗಜೇಂದ್ರಗಡದ ಗುಡ್ಡ. ಸಾಲುಗಟ್ಟಿ ನಿಂತ ಗಾಳಿಯಂತ್ರಗಳ ಕೆಳಗೆ ಶರಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಇಂಥ ಗಾಳಿಗೆ ಬಾಯಿ ಕೊಟ್ಟು ಓಡಿದರೆ ಎಂಜಿನ್ನಿಗೆ ಉಸಿರು ತಾನಾಗಿ ತುಂಬಬೇಕಲ್ಲವೇ? ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಕೊಡುವ ಒತ್ತಡದ ಲೆಕ್ಕ ತೆಗೆದೆ: ವಾತಾವರಣದ ಒತ್ತಡಕ್ಕೆ ಶೇಕಡಾ ಅರ್ಧವೂ ಸೇರುವುದಿಲ್ಲ! ಹೊರಗಿನ ಇಷ್ಟು ಗಾಳಿ ಮಾಡಲಾರದ್ದನ್ನು ಒಳಗೆ ಮೊಳದುದ್ದದ ಕೊಳವೆಯ ಒಂದು ಅಲೆ ಮಾಡುತ್ತದೆ.

ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿ ನಾನೇ ಕಳಚಿದೆ. ಜೊತೆಗಿದ್ದ ತಮ್ಮನಿಗೆ ನಿಧಾನವಾಗಿ ರೇಸ್ ಏರಿಸು ಎಂದೆ. ಗೊಗ್ಗರು ದನಿ, ಆಮೇಲೆ ತೆರೆದ ದನಿ, ಆಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ತುಂಬಿ ನಿಂತ ದನಿ. “ಅಲ್ಲೇ ಹಿಡಿ, ಬಿಡಬ್ಯಾಡ!” ಎಂದು ಕೂಗಿದೆ. ಹಿಡಿದ. ಅಷ್ಟರಲ್ಲಿ ಕೆಳಗಿನ ಎರೆಹೊಲದಿಂದ ಧೂಳೆದ್ದು ಬರುವುದು ಕಾಣಿಸಿತು. ರೋಣದಲ್ಲಿ ಪಿಕಪ್ ಕಟ್ಟಿಹಾಕಿದ್ದು ಇದೇ ಧೂಳು, ಫಿಲ್ಟರ್ ತುಂಬ ಮೆತ್ತಿಕೊಂಡು. ಅದು ಮುಟ್ಟುವ ಮುಂಚೆ ಡಬ್ಬಿ ಕೂಡಿಸಿ ಸ್ಕ್ರೂ ಬಿಗಿದೆ.