ಒಂದೇ ‘ದರ’, ಮೂರು ಲೆಕ್ಕ

ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮಗೆ ಇನ್ಹೆರಿಟೆನ್ಸ್, ವರ್ಚುವಲ್ ಫಂಕ್ಷನ್ ಎಂದರೆ ತಲೆಬಿಸಿ. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಸರ್ಕಾರಿ ಬಸ್ಸಿನ ಉದಾಹರಣೆಯಿಂದ ಎರಡನ್ನೂ ಸುಲಭವಾಗಿ ತಿಳಿಯಬಹುದು.

ಟಿಕೆಟ್ ಕೊಡುವ ಪ್ರೋಗ್ರಾಂ ಅನ್ನು ನಾವೇ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುತ್ತೇವೆ ಎಂದುಕೊಳ್ಳಿ. ಮೊದಲು ‘ಪ್ರಯಾಣಿಕ’ ಎಂಬ ಬೇಸ್ ಕ್ಲಾಸ್. ಅದರಲ್ಲಿ ಹತ್ತುವ ಊರು, ಇಳಿಯುವ ಊರು ಮತ್ತು ‘ದರ’ ಎಂಬ ಫಂಕ್ಷನ್ ಇವೆ. ಪೂರ್ಣ ದರ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಇದರಿಂದ ‘ಮಕ್ಕಳು’, ‘ಮಹಿಳೆ’ ಎಂಬ ಡಿರೈವ್ಡ್ ಕ್ಲಾಸ್ ಮಾಡಿದರೆ ಊರುಗಳ ವಿವರವನ್ನು ಮತ್ತೆ ಬರೆಯಬೇಕಿಲ್ಲ, ತಾನಾಗಿಯೇ ಬರುತ್ತದೆ. ಇದೇ ಇನ್ಹೆರಿಟೆನ್ಸ್. ನಮ್ಮ ಮನೆಯ ಉರ್ದುವಿನಲ್ಲಿ ಇದು ‘ವಿರಾಸತ್’. ಕನ್ನಡದ ‘ವಾರಸು’ ಕೂಡ ಅದೇ ಅರಬ್ಬಿ ಮೂಲದ್ದು. ವ್ಯತ್ಯಾಸ ಒಂದೇ: ಮನೆಯ ಆಸ್ತಿ ಹಂಚಿದಷ್ಟೂ ಕಡಿಮೆಯಾಗುತ್ತದೆ, ಇಲ್ಲಿ ಪ್ರತಿಯೊಬ್ಬ ವಾರಸುದಾರರಿಗೂ ಪೂರ್ತಿ ಸಿಗುತ್ತದೆ.

ಆದರೆ ದರ ಎಲ್ಲರಿಗೂ ಒಂದೇ ಅಲ್ಲ. ಮಕ್ಕಳಿಗೆ ಅರ್ಧ, ಅಂದರೆ 30. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಸೊನ್ನೆ. ಆದ್ದರಿಂದ ಎರಡೂ ಕ್ಲಾಸ್‌ಗಳು ತಮ್ಮದೇ ‘ದರ’ ಬರೆದುಕೊಳ್ಳುತ್ತವೆ.

ಈಗ ಮುಖ್ಯ ವಿಷಯ. ಬಸ್ಸಿನಲ್ಲಿರುವ ಎಲ್ಲರೂ ಒಂದೇ ಪಟ್ಟಿಯಲ್ಲಿ, ‘ಪ್ರಯಾಣಿಕ’ ಪಾಯಿಂಟರ್‌ಗಳಾಗಿ ಇರುತ್ತಾರೆ. ಪ್ರೋಗ್ರಾಂ ಒಬ್ಬೊಬ್ಬರಿಗೂ ‘ದರ’ ಕರೆಯುತ್ತದೆ. ಬೇಸ್ ಕ್ಲಾಸಿನಲ್ಲಿ ‘ದರ’ದ ಮುಂದೆ ‘ವರ್ಚುವಲ್’ ಎಂದು ಬರೆಯದಿದ್ದರೆ, ಕಂಪೈಲರ್ ಪಾಯಿಂಟರ್ ಯಾವ ಕ್ಲಾಸಿನದು ಎಂದಷ್ಟೇ ನೋಡಿ ಬೇಸ್ ಕ್ಲಾಸಿನ ದರವನ್ನೇ ಖಾಯಂ ಮಾಡುತ್ತದೆ. ಎರರ್ ಏನೂ ಬರುವುದಿಲ್ಲ. ಆದರೆ ಕಾಲೇಜಿಗೆ ಹೊರಟ ಹುಡುಗಿಗೂ 60 ರೂಪಾಯಿ ಟಿಕೆಟ್ ಬರುತ್ತದೆ! ದುಡ್ಡಿಲ್ಲದಿದ್ದರೆ ಅವಳು ಬಸ್ಸಿನಿಂದ ಇಳಿಯಬೇಕು.

‘ವರ್ಚುವಲ್’ ಎಂದು ಬರೆದರೆ ಆ ತೀರ್ಮಾನ ಪ್ರೋಗ್ರಾಂ ಓಡುವಾಗ ಆಗುತ್ತದೆ. ಕಂಪೈಲರ್ ಸಾಮಾನ್ಯವಾಗಿ ಪ್ರತಿ ಕ್ಲಾಸಿಗೂ ಒಂದು ಕೋಷ್ಟಕ ಮಾಡಿಡುತ್ತದೆ. ಯಾವ ಫಂಕ್ಷನ್ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ ಅದರಲ್ಲಿರುತ್ತದೆ. ಇದೇ ವಿ-ಟೇಬಲ್. ಪ್ರತಿ ಆಬ್ಜೆಕ್ಟ್ ತನ್ನ ಕ್ಲಾಸಿನ ಕೋಷ್ಟಕವನ್ನು ತೋರಿಸುವ ಗುಪ್ತ ಪಾಯಿಂಟರ್ ಇಟ್ಟುಕೊಂಡಿರುತ್ತದೆ. ನಮ್ಮ ಲೆಡ್ಜರ್‌ನ ಪುಟಸಂಖ್ಯೆ ಇದ್ದ ಹಾಗೆ: ಪುಟ ತೆರೆದರೆ ಅವರದೇ ಲೆಕ್ಕ ಸಿಗುತ್ತದೆ.

ಈ ವಿಚಾರ ಹಳೆಯದು. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯುಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲೇ ಇದು ಇತ್ತು. ಅದರಿಂದ ಪ್ರೇರಣೆ ಪಡೆದು ಬ್ಯಾರ್ನೆ ಸ್ಟ್ರೌಸ್ಟ್ರಪ್ ಸಿ ಪ್ಲಸ್ ಪ್ಲಸ್ ಕಟ್ಟಿದರು.

ಲಾಭವೇನು? ಸರ್ಕಾರ ನಾಳೆ ಹೊಸ ರಿಯಾಯಿತಿ ತಂದರೆ ‘ದರ’ ಕರೆಯುವ ಹಳೆಯ ಸಾಲನ್ನು ಮುಟ್ಟಬೇಕಿಲ್ಲ, ಒಂದು ಹೊಸ ಕ್ಲಾಸ್ ಸೇರಿಸಿದರೆ ಸಾಕು. ‘ಹಿರಿಯ ನಾಗರಿಕ’ ಕ್ಲಾಸನ್ನು ನೀವೇ ಬರೆದು ನೋಡಿ. ‘ವರ್ಚುವಲ್’ ತೆಗೆದು ಒಮ್ಮೆ, ಹಾಕಿ ಒಮ್ಮೆ ಓಡಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.