ಬೆಂಗಳೂರಿನ ಅವರೆಕಾಯಿ ಸಂತೆಯೂ ಸೊಗಡಿನ ಬೆಲೆಯೂ

ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಯಲ್ಲಾಗಲಿ, ಗಾಂಧಿ ಬಜಾರು, ಮಲ್ಲೇಶ್ವರಗಳ ಬೀದಿಗಳಲ್ಲಾಗಲಿ ಮುಂಜಾನೆ ನಡೆದುಹೋಗುವವರಿಗೆ, ಕಣ್ಣಿಗೆ ಕಾಣುವುದಕ್ಕೆ ಮುಂಚೆಯೇ ಮೂಗಿಗೆ ತಿಳಿದುಬರುವ ಪದಾರ್ಥವೊಂದುಂಟು. ಅದೇ ಅವರೆಕಾಯಿ. ಮಾಗಡಿ, ಹೊಸಕೋಟೆ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರ ಮುಂತಾದ ಕಡೆಗಳಿಂದ ಬಂದ ಕಾಯಿಯು ನೆಲದ ಮೇಲೆ ರಾಶಿ ರಾಶಿಯಾಗಿ ಬೀಳುವುದು. ಕೊಳ್ಳುವವರು ಒಂದೆರಡು ಕಾಯಿಗಳನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದ ಮೇಲೆಯೇ ಬೆಲೆ ಕೇಳುವರು. ಪಟ್ಟಣದವರು ಈ ಕಾಯಿಯಲ್ಲಿ ಯಾವ ಗುಣಕ್ಕೆ ಹಣ ಕೊಡುತ್ತಾರೆ, ಆ ಗುಣವು ಹೊಲದಿಂದ ಸಂತೆಗೆ ಬರುವಷ್ಟರಲ್ಲಿ ಹೇಗೆ ಹಾಳಾಗುತ್ತದೆ ಎಂಬುದನ್ನು ರೈತಬಾಂಧವರಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಪಟ್ಟಣದ ಅಡುಗೆಮನೆ

ಬೆಂದ ಕಾಳಿನಿಂದಲೇ ಬೆಂಗಳೂರಿಗೆ ಆ ಹೆಸರು ಬಂದಿತೆಂದು ವೀರಬಲ್ಲಾಳನ ಕಥೆಯೊಂದು ಜನರ ಬಾಯಲ್ಲಿದೆ. ಬಲ್ಲಾಳನಿಗಿಂತ ಬಹು ಹಿಂದಿನ, ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರೆಂಬ ಹೆಸರಿರುವುದರಿಂದ ಈ ಕಥೆಯನ್ನು ಚರಿತ್ರೆಯೆಂದು ಒಪ್ಪಲಾಗದು. ಆದರೂ ಇಂಥ ಕಥೆ ನಿಂತಿರುವುದಕ್ಕೆ ಇಲ್ಲಿಯ ಊಟದಲ್ಲಿ ಕಾಳಿಗಿರುವ ಸ್ಥಾನವೇ ಆಧಾರ. ಅವರೆಯ ಕಾಲ ಬಂದಿತೆಂದರೆ ಉಪ್ಪಿಟ್ಟು, ಅಕ್ಕಿರೊಟ್ಟಿ, ಹುಳಿ, ಸಾರು ಎಲ್ಲದರಲ್ಲಿಯೂ ಅದೇ ಕಾಳು. ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಬೆರಳಿನಿಂದ ಹಿತುಕಿ ಸಿಪ್ಪೆ ತೆಗೆದರೆ ಹಿತಕಿದ ಬೇಳೆ. ಅದರ ಸಾರಿಗೆ ರಾಗಿಮುದ್ದೆಯೇ ಜೊತೆ. ಸಂಕ್ರಾಂತಿಯ ದಿನ ಕಬ್ಬು, ಗೆಣಸು, ಕಡಲೆಕಾಯಿಗಳೊಡನೆ ಬೇಯಿಸಿದ ಅವರೆಕಾಯಿಯೂ ಇರಲೇಬೇಕು. ವಿಶ್ವೇಶ್ವರಪುರದಲ್ಲಿ ಆರಂಭವಾದ ಅವರೆಬೇಳೆ ಮೇಳದಲ್ಲಿ ದೋಸೆ, ಹೋಳಿಗೆ, ಜಿಲೇಬಿಗಳಿಗೂ ಈ ಬೇಳೆ ಸೇರಿದೆ. ಹೀಗೆ ಪಟ್ಟಣದ ನಾಲಗೆಯ ರುಚಿಯು ಹಳ್ಳಿಯ ಹೊಲದ ಒಂದು ಸಾಲನ್ನು ಕಾಪಾಡಿಕೊಂಡು ಬಂದಿದೆ.

ಬೆಳೆಯ ಸ್ವಭಾವ

ಅವರೆಯು ರಾಗಿಯ ಹೊಲದ ಅಕ್ಕಡಿ ಬೆಳೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎಂಬುದು ಶಿಫಾರಸಾದ ಕ್ರಮ. ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಭೂಮಿಗೂ ಹಿತ. ನಾಟಿ ಅವರೆಗೆ ಒಂದು ವಿಶೇಷ ಗುಣವಿದೆ. ಹಗಲು ಕಿರಿದಾಗುತ್ತಾ ಬಂದಲ್ಲದೆ ಅದು ಹೂ ಬಿಡುವುದಿಲ್ಲ. ಆದಕಾರಣ ಮುಂಗಾರಿನಲ್ಲಿ ಸ್ವಲ್ಪ ಹಿಂದುಮುಂದಾಗಿ ಬಿತ್ತಿದರೂ ಕಾಯಿಯು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುವುದು. ಸಂತೆಯಲ್ಲಿ ಅದೇ ವಾರ ರಾಶಿ ಹೆಚ್ಚಿ ಬೆಲೆ ಇಳಿಯುವುದು.

ಈ ಕಷ್ಟವನ್ನು ಕಂಡೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಒದಗಿಸಿದರು. ಇವು ಹಗಲಿನ ಉದ್ದವನ್ನು ಅವಲಂಬಿಸದೆ, ಬೇಗ ಹೂ ಬಿಟ್ಟು, ನೀರಿರುವ ಕಡೆ ವರ್ಷದ ಬಹುಕಾಲ ಕಾಯಿ ಕೊಡತಕ್ಕವು. ಬೇಸಗೆಯಲ್ಲಿಯೂ ಅವರೆ ತಿನ್ನುವ ಭಾಗ್ಯವು ಪಟ್ಟಣಕ್ಕೆ ಇವುಗಳಿಂದ ದೊರೆಯಿತು. ಆದರೆ ಸೊಗಡಿನಲ್ಲಿ ಮಾಗಿಯ ನಾಟಿ ಕಾಯಿಗೆ ಇವು ಸಮವಲ್ಲವೆಂದು ಕೊಳ್ಳುವವರು ಹೇಳುವರು. ಇದರಿಂದ ಹೊಸ ತಳಿಗಳನ್ನು ಹಳಿಯಬೇಕಾಗಿಲ್ಲ. ಅಕಾಲದಲ್ಲಿ ಮಾರುವವನಿಗೆ ಹೊಸ ತಳಿ, ಮಾಗಿಯಲ್ಲಿ ಮಾರುವವನಿಗೆ ನಾಟಿ, ಎಂದು ತಿಳಿದು ಬಿತ್ತುವುದು ಉಚಿತ.

ಸೊಗಡು ಎಂದರೇನು?

ಕಾಯಿಯ ಮೇಲ್ಮೈಯಲ್ಲಿ ಒಸರುವ ಎಣ್ಣೆಯಂಥ ಅಂಟೇ ಸೊಗಡು. ಇದರಲ್ಲಿ ಕೊಬ್ಬಿನ ಆಮ್ಲಗಳ ಜಾತಿಗೆ ಸೇರಿದ ಕೆಲವು ಪದಾರ್ಥಗಳಿದ್ದು, ಅವೇ ಈ ವಾಸನೆಗೆ ಕಾರಣವೆಂದು ರಸಾಯನಶಾಸ್ತ್ರಜ್ಞರು ಕಂಡಿದ್ದಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ರೈತರ ನಂಬಿಕೆ. ಇದು ಕಾಯಿಯ ಹೊರಮೈಗೆ ಅಂಟಿರುವ ಗುಣವಾದ್ದರಿಂದ ತಿಕ್ಕಿದರೆ ಕೈಗೂ ಚೀಲಕ್ಕೂ ಹತ್ತಿ ಹೋಗುವುದು.

ಒಂದು ಚಳಿಗಾಲದ ಬೆಳಗ್ಗೆ ಪಟ್ಟಣದ ಬೀದಿಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ರಾಶಿಗಳನ್ನು ನಾವು ನೋಡಿದೆವು. ಒಬ್ಬನು ಹಿಂದಿನ ದಿನ ಮಧ್ಯಾಹ್ನವೇ ಕೊಯ್ದು, ಚೀಲಗಳಲ್ಲಿ ತುಳಿದು ತುಂಬಿ ತಂದು, ಹಸುರಾಗಿ ಕಾಣಲೆಂದು ನೀರು ಚಿಮುಕಿಸಿದ್ದನು. ಇನ್ನೊಬ್ಬಾಕೆ ಬೆಳಗಿನ ಜಾವ ಕೊಯ್ದ ಕಾಯಿಯನ್ನು ಬಿದಿರು ಮಂಕರಿಯಲ್ಲಿ ತಂದು ತೆಳುವಾಗಿ ಹರಡಿದ್ದಳು. ಬಂದವರು ಮೊದಲನೆಯ ರಾಶಿಯನ್ನು ಮೂಸಿ ಮುಂದಕ್ಕೆ ಹೋದರು. “ಏನವ್ವಾ, ಅವನದಕ್ಕಿಂತ ಐದು ರೂಪಾಯಿ ಜಾಸ್ತಿ ಹೇಳ್ತೀಯಲ್ಲ?” ಎಂದು ಒಬ್ಬರು ಕೇಳಿದ್ದಕ್ಕೆ, “ಕೈ ಮೂಸಿ ನೋಡಿ ಸ್ವಾಮಿ, ಆಮೇಲೆ ಕಾಸು ಕೊಡಿ” ಎಂದಳು. ಬಿಸಿಲೇರುವ ಮುನ್ನ ಅವಳ ಮಂಕರಿ ಬರಿದಾಯಿತು. ಕಿಲೋ ಒಂದಕ್ಕೆ ಐದು ರೂಪಾಯಿ ಹೆಚ್ಚೆಂದರೆ 50 ಕಿಲೋ ಮಾರಿದವರಿಗೆ 250 ರೂಪಾಯಿ. ಇದಕ್ಕಾಗಿ ಆಕೆ ಗೊಬ್ಬರವನ್ನಾಗಲಿ ಔಷಧಿಯನ್ನಾಗಲಿ ಹೆಚ್ಚು ಹಾಕಿದವಳಲ್ಲ.

ರೈತರು ಗಮನಿಸತಕ್ಕ ವಿಷಯಗಳು

1. ಕಾಳು ತುಂಬಿ, ಸಿಪ್ಪೆ ಇನ್ನೂ ಹಸುರಾಗಿರುವಾಗಲೇ ಕೊಯ್ಯಬೇಕು. ಎಳೆಯ ಕಾಯನ್ನೂ ಬಲಿತುದನ್ನೂ ಬೆರೆಸಬಾರದು.

2. ಮಾರುವ ದಿನದ ಬೆಳಗಿನ ಜಾವ ಕೊಯ್ಯುವುದು ಉತ್ತಮ. ಕಾಯಿಯ ಮೇಲಿನ ನೀರು ಆರುವವರೆಗೆ ನೆರಳಿನಲ್ಲಿ ಹರಡಿ, ಆಮೇಲೆ ತುಂಬಬೇಕು. ಒದ್ದೆ ಕಾಯಿಯನ್ನು ಒತ್ತಿ ತುಂಬಿದರೆ ಒಳಗೆ ಕಾವೇರಿ ಸಿಪ್ಪೆ ಕಪ್ಪಾಗುವುದು.

3. ಕಾಯಿಕೊರಕ ಹುಳುವಿಗೆ ಔಷಧಿ ಹೊಡೆದಿದ್ದರೆ, ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಕಳೆಯದೆ ಕೊಯ್ಯಕೂಡದು. ಸೊಗಡಿಗಾಗಿ ಸಿಪ್ಪೆಯೊಡನೆ ಬೇಯಿಸಿ ತಿನ್ನುವ ಮಕ್ಕಳು ಇದ್ದಾರೆಂಬುದನ್ನು ಮರೆಯಬಾರದು.

4. ಒಬ್ಬನೇ ಎರಡು ಚೀಲಕ್ಕಾಗಿ ಪಟ್ಟಣಕ್ಕೆ ಹೋದರೆ ಬಾಡಿಗೆಯೇ ಲಾಭವನ್ನು ನುಂಗುವುದು. ಊರಿನ ಹತ್ತು ಮಂದಿ ಸೇರಿ ಒಂದು ಗಾಡಿ ಗೊತ್ತುಮಾಡಿ, ಸರದಿಯ ಮೇಲೆ ಇಬ್ಬರು ಕುಳಿತು ಮಾರಬಹುದು. 1959ರಲ್ಲಿ ಡಾ. ಎಂ. ಹೆಚ್. ಮರಿಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಒಗ್ಗಟ್ಟಿನಿಂದಾಗುವ ಲಾಭಕ್ಕೆ ಅದೇ ದೃಷ್ಟಾಂತ.

ಬಿತ್ತನೆಯ ಕಾಳು

ಕೊನೆಯದಾಗಿ ಒಂದು ಎಚ್ಚರಿಕೆ. ಬೆಲೆ ಬಂದಿತೆಂದು ಇರುವ ಕಾಯಿಯನ್ನೆಲ್ಲ ಹಸಿಯಾಗಿಯೇ ಮಾರಿಬಿಡುವ ಅಭ್ಯಾಸ ಹೆಚ್ಚುತ್ತಿದೆ. ಹೀಗೆ ಮಾಡಿದ ಮನೆಯಲ್ಲಿ ಮರುವರ್ಷಕ್ಕೆ ಸ್ವಂತ ಬೀಜವಿರುವುದಿಲ್ಲ. ಪಟ್ಟಣದ ಸುತ್ತ ರಾಗಿಯ ಹೊಲಗಳೇ ಬಡಾವಣೆಗಳಾಗುತ್ತಿರುವ ಈ ಕಾಲದಲ್ಲಿ, ಒಂದು ಊರಿನಲ್ಲಿ ತಪ್ಪಿಹೋದ ನಾಟಿ ಬೀಜವನ್ನು ಪಕ್ಕದ ಊರಿನಲ್ಲಿ ಹುಡುಕಿಕೊಳ್ಳಬಹುದೆಂಬ ಭರವಸೆಯೂ ಇಲ್ಲ. ಆದ್ದರಿಂದ ಕೊಯ್ಲಿಗೆ ಮುಂಚೆ ಸಾಲಿನಲ್ಲಿ ನಡೆದು, ಸೊಗಡು ಚೆನ್ನಾಗಿರುವ ಆರೋಗ್ಯವಾದ ಗಿಡಗಳಿಗೆ ದಾರ ಕಟ್ಟಿ, ಅವುಗಳ ಕಾಯಿಯನ್ನು ಮುಟ್ಟದೆ ಗಿಡದಲ್ಲಿಯೇ ಒಣಗಲು ಬಿಡಬೇಕು. ಕಾಳನ್ನು ಚೆನ್ನಾಗಿ ಒಣಗಿಸಿ, ಹುಳು ಹಿಡಿಯದಂತೆ ಬೂದಿ ಬೆರೆಸಿ ಭದ್ರಪಡಿಸಬೇಕು.

ಪಟ್ಟಣದವರು ಮೂಸಿ ಕೊಳ್ಳುವವರೆಗೆ ಸೊಗಡಿಗೆ ಬೆಲೆಯಿದೆ. ಆ ಸೊಗಡು ಉಳಿಯುವುದೂ ಅಳಿಯುವುದೂ ದಾರ ಕಟ್ಟಿದ ಆ ನಾಲ್ಕು ಗಿಡಗಳಿಂದಲೇ ಎಂಬುದನ್ನು ರೈತರು ಮನಗಂಡು, ಈ ಮಾಗಿಯಲ್ಲಿಯೇ ಕಾರ್ಯಕ್ಕೆ ತರುವರೆಂದು ನಂಬಲಾಗಿದೆ.