ಉಡುಪಿನಲ್ಲಿ ಔಚಿತ್ಯ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿರುವೆವು. ನಾಲ್ಕು ಜನರೆದುರಿಗೆ ಹೋಗುವಾಗ ಅವರ ಕಣ್ಣಿಗೆ ಒಪ್ಪುವಂತೆ ಉಡಬೇಕೆಂಬುದೇ ಇದರ ತಾತ್ಪರ್ಯ. ಇದು ಸತ್ಯವೇ ಸರಿ. ಆದರೆ ಪರರಿಚ್ಛೆಯೊಂದನ್ನೇ ನೆಚ್ಚಿದವನ ಕಪಾಟು ತುಂಬಿದರೂ ಉಡುವುದಕ್ಕೆ ಬಟ್ಟೆಯಿಲ್ಲವೆಂಬ ಕೊರತೆ ತಪ್ಪುವುದಿಲ್ಲ. ಧಾರವಾಡದ ನಮ್ಮ ಮನೆಯಲ್ಲಿಯೇ ಇದರ ಅನುಭವವಾಯಿತು.

ನಾನು ಅಧ್ಯಾಪಕವೃತ್ತಿಯಿಂದ ನಿವೃತ್ತನಾದ ಮೇಲೆ ಒಂದು ದಿನ ನಾವಿಬ್ಬರೂ ಬಟ್ಟೆಯ ಕಪಾಟನ್ನು ತೆರವುಮಾಡಲು ಕುಳಿತೆವು. ಶಾಲೆಗೆಂದು ಹೊಲಿಸಿದ ನನ್ನ ಅಂಗಿಗಳು 19 ಇದ್ದುವು. ಅವುಗಳಿಗೆ ಇನ್ನು ಕೆಲಸವಿರಲಿಲ್ಲ. ಮನೆಯಾಕೆಯ ರೇಷ್ಮೆಯ ಸೀರೆಗಳು 14. ಒಂದೊಂದೂ ಯಾರದೋ ಮದುವೆ ಮುಂಜಿವೆಗಳ ನೆನಪು. ಬೇಸಗೆಯ ಮಧ್ಯಾಹ್ನದಲ್ಲಿ ವೈದ್ಯರಲ್ಲಿಗೆ ಹೋಗಬೇಕಾದರೆ ಉಡತಕ್ಕ ಒಳ್ಳೆಯ ನೂಲಿನ ಸೀರೆ ಮಾತ್ರ ಒಂದೂ ಇರಲಿಲ್ಲ. ಆಕೆ ಮೆಲ್ಲನೆ, “ಇವೆಲ್ಲಾ ಮಂದೀ ಸಲುವಾಗಿ ತೊಗೊಂಡ ಸೀರಿ. ನನ್ನ ಸಲುವಾಗಿ ತೊಗೊಂಡದ್ದು ಯಾವುದರೀ?” ಎಂದಳು. ನನಗೆ ಉತ್ತರ ತೋಚಲಿಲ್ಲ. ಮನೆತನದ ಮಾನವೆಂದು ಹೇಳಿ, ಸಾಲವನ್ನೂ ಮಾಡಿ, ಅವುಗಳಲ್ಲಿ ಮುಕ್ಕಾಲು ಪಾಲನ್ನು ಆರಿಸಿ ತಂದವನು ನಾನೇ.

11ನೆಯ ಶತಮಾನದ ಕಾಶ್ಮೀರದ ಆಲಂಕಾರಿಕನಾದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಔಚಿತ್ಯವೇ ಕಾವ್ಯದ ಜೀವಾಳವೆಂದು ಪ್ರತಿಪಾದಿಸಿರುವನು. ಸೊಂಟದ ಒಡವೆಯನ್ನು ಕೊರಳಿಗೆ ಧರಿಸಿದವರು ನಗೆಗೀಡಾಗುವರೆಂಬುದು ಅವನು ಕೊಡುವ ದೃಷ್ಟಾಂತ. ಕಾವ್ಯಕ್ಕೆ ಸಲ್ಲುವ ಈ ನಿಯಮವು ಉಡುಪಿಗೂ ಸಲ್ಲುವುದು. ಬೆಲೆಯಿಂದ ಶೋಭೆ ಬಾರದು. ಉಡುವವರ ಬಾಳಿಗೆ ಹೊಂದಿದರೆ ಬರುವುದು.

ಮಹಾತ್ಮಾ ಗಾಂಧಿಯವರು 1921ರ ಸಪ್ಟೆಂಬರದಲ್ಲಿ ಮಧುರೆಯಲ್ಲಿ ಅಂಗಿ ಟೊಪ್ಪಿಗೆಗಳನ್ನು ತೊರೆದು, ಬಡವರಂತೆ ತುಂಡುಪಂಚೆಯನ್ನುಟ್ಟರು. 1931ರಲ್ಲಿ ಲಂಡನ್ನಿನ ಅರಮನೆಗೆ ಹೋದಾಗಲೂ ಅದನ್ನು ಬದಲಿಸಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರಾದರೋ ಮೈಸೂರು ಪೇಟವನ್ನೂ ಅಚ್ಚುಕಟ್ಟಾದ ಸೂಟನ್ನೂ ಮುಪ್ಪಿನಲ್ಲಿಯೂ ಬಿಡಲಿಲ್ಲ. ಒಬ್ಬರ ಉಡುಪಿಗೂ ಮತ್ತೊಬ್ಬರ ಉಡುಪಿಗೂ ಹೋಲಿಕೆಯೇ ಇಲ್ಲ. ಆದರೂ ಎರಡೂ ಅವರವರ ಕಾರ್ಯದಿಂದಲೂ ಶೀಲದಿಂದಲೂ ಹುಟ್ಟಿದುವು. ಆದುದರಿಂದಲೇ ಅವು ಅವರ ಗುರುತುಗಳಾಗಿ ನಿಂತುವು.

ಹಾಗಾದರೆ ಸಾಮಾನ್ಯ ಗೃಹಸ್ಥರು ಮಾಡತಕ್ಕದ್ದೇನು? ಮೊದಲು ಒಂದು ತಿಂಗಳಿನ ದಿನಗಳನ್ನು ಎಣಿಸಿ ನೋಡಬೇಕು: ಮನೆಯಲ್ಲಿ ಎಷ್ಟು, ಕೆಲಸಕ್ಕೆ ಎಷ್ಟು, ಸಮಾರಂಭಕ್ಕೆ ಎಷ್ಟು. ಬಟ್ಟೆಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿರಬೇಕು. ಎರಡನೆಯದಾಗಿ, ತಮ್ಮ ಮನಸ್ಸಿಗೆ ಹಿತವಾದ, ಒಂದರೊಡನೊಂದು ಹೊಂದುವ ಮೂರು ನಾಲ್ಕು ಬಣ್ಣಗಳನ್ನು ನಿಶ್ಚಯಿಸಿಕೊಳ್ಳಬೇಕು. ಹೀಗೆ ಆರಿಸಿದ 4 ಅಂಗಿಗಳೂ 3 ಷರಾಯಿಗಳೂ 12 ಬಗೆಯ ಜೊತೆಗಳಾಗುವುವು. ಮೂರನೆಯದಾಗಿ, ಬೇಕೆನಿಸಿದ್ದನ್ನು ಬರೆದಿಟ್ಟು ಒಂದು ತಿಂಗಳು ಕಾಯಬೇಕು. ಆ ಮೇಲೂ ಬೇಕೆನಿಸಿದರೆ ಕೊಳ್ಳಬಹುದು. ಅನೇಕ ಬಯಕೆಗಳು ಅಷ್ಟರಲ್ಲಿ ತಾವಾಗಿಯೇ ಅಡಗುವುವು. ಇದ್ದುದನ್ನು ಕಾಪಾಡುವುದೂ ಮುಖ್ಯ. ರೇಷ್ಮೆಯನ್ನು ನೆರಳಿನಲ್ಲಿ ಒಣಗಿಸಿ, ನೂಲಿನ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ಮಡಿಕೆಯನ್ನು ಬದಲಿಸದಿದ್ದರೆ ಜರಿಯು ಮಡಿಕೆಯಲ್ಲಿಯೇ ಮುರಿಯುವುದು.

ನಾವೂ ಇದೇ ಕ್ರಮವನ್ನು ಹಿಡಿದೆವು. ನನ್ನ ಅಂಗಿಗಳಲ್ಲಿ ಐದನ್ನು ಇಟ್ಟುಕೊಂಡು ಉಳಿದವನ್ನು ಬೇಕಾದವರಿಗೆ ಕೊಟ್ಟೆನು. ಸವೆದ ಬಟ್ಟೆಗಳು ಕೌದಿಗೆ ಹೋದುವು. ಸೀರೆಗಳಲ್ಲಿ ನಾಲ್ಕನ್ನು ಉಳಿಸಿಕೊಂಡು ಮಿಕ್ಕವನ್ನು ಆಕೆ ಸೊಸೆಗೂ ಹೆಣ್ಣುಮಕ್ಕಳಿಗೂ ಹಂಚಿದಳು. ತಿಂಗಳು ಕಳೆದ ಬಳಿಕ ಅಂಗಡಿಗೆ ಹೋದೆವು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಆಕೆ ಬಹಳ ಹೊತ್ತು ನೋಡಿ, ನೂಲಿನ ಒಡಲಿಗೆ ಕೆಂಪು ರೇಷ್ಮೆಯ ಸೆರಗನ್ನು ಕೂಡಿಸಿ ನೇಯ್ದ ಇಳಕಲ್ಲಿನ ಸೀರೆಯೊಂದನ್ನು ಆರಿಸಿದಳು.

ಅದನ್ನು ಮದುವೆಗೆಂದು ಎತ್ತಿಡಲಿಲ್ಲ. ಮರುದಿನವೇ ಉಟ್ಟುಕೊಂಡು ಕಾಯಿಪಲ್ಲೆಯ ಸಂತೆಗೆ ಹೊರಟಳು.